ಕಣ್ಣೆತ್ತಿದ ಕಾರು

ಮಹಬೂಬೀ ತಂದಿಟ್ಟ ಚಹಾ ಆರಿ ಕೆನೆ ಕಟ್ಟಿತ್ತು. ಹಂಪಯ್ಯ ಅದನ್ನು ಮುಟ್ಟಿರಲಿಲ್ಲ. ರಾಯಚೂರಿನಲ್ಲಿ ಗಬ್ಬೂರು ರಸ್ತೆ ಒಡೆಯುವ ಮೂಲೆಗಿದ್ದ ಅವಳ ತಗಡಿನ ಅಂಗಡಿಯ ಬೆಂಚಿನ ಮೇಲೆ, ಮಾನ್ವಿ ಕಡೆಯಿಂದ ಬರುವ ಬಸ್ಸು ಲಾರಿಗಳನ್ನೆಲ್ಲ ದಿಟ್ಟಿಸುತ್ತ, ಬಸ್ಸು ತಪ್ಪಿಸಿಕೊಂಡವನ ಹಾಗೆ ಕೂತಿದ್ದ.

"ಏನ್ ಸರ್, ಇವತ್ತ ಕಾಲೇಜಿಲ್ಲೇನ್ರೀ?" ಎಂದಳು ಅವಳು.

"ಅದ. ನನಗ ಮೊದಲನೇ ತಾಸು ಖಾಲಿ."

"ಹಂಗಾರ ಚಾ ಕುಡೀರಿ. ಅದೇನು ತಪ್ಪು ಮಾಡ್ಯಾದ?"

ಬರಬೇಕಾಗಿದ್ದದ್ದು ಒಂದು ಬಿಳಿ ಕಾರು. ಮಾನ್ವಿಯ ಅಕ್ಕಿ ಗಿರಣಿಯ ಮುದುಕಪ್ಪ ಅದನ್ನು ನಡೆಸಿಕೊಂಡು ಬರುತ್ತಾನೆ. ಪಕ್ಕದಲ್ಲಿ ಅವನ ತಾಯಿ ನೀಲಗಂಗಮ್ಮ ಕೂತಿರುತ್ತಾಳೆ. ಎಂಬತ್ತಮೂರರ ಶ್ರಾವಣದ ಸೋಮವಾರ ಅದು. ಹೊಸದಾಗಿ ಕೊಂಡ ಕಾರು ಮೊದಲ ಸಲ ದೇವದುರ್ಗದ ಆಚೆಗಿರುವ ಮಠಕ್ಕೆ ಹೋಗಿ ಸ್ವಾಮಿಗಳ ಪಾದ ತಾಕಿಸಿಕೊಂಡು ಬರಬೇಕು. ಸಿರವಾರದ ಹತ್ತಿರದ ದಾರಿಯ ತುಂಬ ತಗ್ಗು, ಈ ಕಾರಿನ ಹೊಟ್ಟೆಯೋ ನೆಲಕ್ಕೆ ಹತ್ತಿಕೊಂಡಂತಿದೆ. ಅದಕ್ಕೇ ಸುತ್ತು ಹಾಕಿ ರಾಯಚೂರು, ಗಬ್ಬೂರು ಮೇಲೆ ಹೋಗುತ್ತಾರೆ. ಗಬ್ಬೂರು ದಾಟಿದ ಮೇಲೆ ರಸ್ತೆ ನೆಟ್ಟಗಿದೆ. ನೆಟ್ಟಗಿನ ರಸ್ತೆ ಕಂಡರೆ ಮುದುಕಪ್ಪನ ಬಲಗಾಲು ಅವನ ಮಾತು ಕೇಳುವುದಿಲ್ಲವೆಂಬುದು ಹಂಪಯ್ಯನಿಗೆ ಗೊತ್ತು. ಆ ವೇಗದಲ್ಲಿ ಕಾರಿನ ದೀಪಗಳು ಎದ್ದು ನಿಂತಿದ್ದರೆ ಏನಾದೀತೆಂಬುದು ಇಡೀ ಜಿಲ್ಲೆಯಲ್ಲಿ ಅವನಷ್ಟು ಯಾರಿಗೂ ಗೊತ್ತಿಲ್ಲ. ಕಾರನ್ನು ತಡೆದು ಒಂದು ಮಾತು ಹೇಳಬೇಕು, ಅಷ್ಟೇ: ಯವ್ವಾ, ನಾನು ಮಿಸ್ತ್ರಿ ಅಲ್ಲ, ನಿಮ್ಮ ಹಮಾಲ ಮಲ್ಲಯ್ಯನ ಮಗ, ಪಾಲಿಟೆಕ್ನಿಕ್‌ನಾಗ ಲೆಕ್ಚರರ್ ಅದೀನಿ, ಆ ದೀಪ ಮುಚ್ಚಸ್ರಿ. ಬೆಳಗಿನಿಂದ ಆ ಮಾತನ್ನು ಬಾಯೊಳಗೇ ಹೊರಳಿಸಿ ಹೊರಳಿಸಿ ಅದಕ್ಕೆ ರುಚಿಯೇ ಇಲ್ಲದಂತಾಗಿತ್ತು. "ಹೇಳೂದು ಒಂದ ಮಾತಲ್ಲ, ಬಾಯಿಗೇನು ಬೀಗ ಹಾಕ್ಯಾರೇನು?" ಎಂದಿದ್ದಳು ಹೆಂಡತಿ ಗೋಪಮ್ಮ, ಅಂಗಿಯ ಗುಂಡಿ ಹಾಕುತ್ತಿದ್ದ ಗಂಡನ ಮುಖ ನೋಡದೆಯೇ.

ಅವಳಿಗೇನು ಗೊತ್ತು. ಅವಳಿಗೆ ಅವನು ಅರ್ಧ ಕತೆ ಹೇಳಿದ್ದ. ಕಾರಿನ ಕತೆ ಹೇಳಿದ್ದ, ಗೋಣಿ ತಟ್ಟಿನ ಕತೆ ಹೇಳಿರಲಿಲ್ಲ.

ಕಾರಿನ ಕತೆ ಹೇಳುವುದು ಅವನಿಗೆ ಎಂದೂ ಕಷ್ಟವಾಗಿರಲಿಲ್ಲ. ಗುಲಬರ್ಗಾದಲ್ಲಿ ಇಂಜಿನಿಯರಿಂಗ್ ಓದುವಾಗ ಲೈಬ್ರರಿಯ ಹಳೆಯ ವಿದೇಶಿ ಪತ್ರಿಕೆಗಳಲ್ಲಿ ಇಂಥ ಕಾರುಗಳ ಚಿತ್ರ ನೋಡಿ ನೋಡಿ ಅವನು ಊಟದ ಗಂಟೆ ಮರೆಯುತ್ತಿದ್ದ. ಬೇಡವಾದಾಗ ದೀಪಗಳು ಬಾನೆಟ್ಟಿನೊಳಗೆ ಮಲಗಿ ಮೇಲೆ ರೆಪ್ಪೆ ಮುಚ್ಚಿಕೊಳ್ಳುತ್ತವೆ, ಮೂತಿ ಇಳಿಜಾರಾಗಿ ನುಣ್ಣಗೆ ಉಳಿಯುತ್ತದೆ, ಗಾಳಿ ಅದರ ಮೇಲೆ ಜಾರಿ ಹೋಗುತ್ತದೆ. ಬೇಕಾದಾಗ ಒಂದು ಗುಂಡಿ ಒತ್ತಿದರೆ ಎರಡೂ ಎದ್ದು ನಿಲ್ಲುತ್ತವೆ. ಎದ್ದು ನಿಂತವೋ, ಗಾಳಿಗೆ ಅಡ್ಡ ಬಂದವು. ಎಷ್ಟು ಅಡ್ಡ, ವೇಗ ಎಷ್ಟು ಕುಗ್ಗೀತು, ಮೂತಿ ಎಷ್ಟು ಹಗುರಾದೀತು ಎಂದು ಅವನು ಹಾಳೆಗಟ್ಟಲೆ ಲೆಕ್ಕ ಹಾಕಿದ್ದ. ಮಾಸ್ತರರೊಬ್ಬರು ನಕ್ಕು, "ಮೊದಲ ಸೈಕಲ್ ತಗೋಳಪಾ" ಎಂದಿದ್ದರು. ಕ್ಲಾಸು ನಕ್ಕಿತ್ತು. ಆಗ ನಗದೆ ಇದ್ದವನು ಮುದುಕಪ್ಪ ಒಬ್ಬನೇ. ಹಾಸ್ಟೆಲ್ಲಿನಲ್ಲಿ ಅವನ ಪಕ್ಕಕ್ಕೆ ಬಂದು ಕೂತು, "ಲೇ ಹಂಪ್ಯಾ, ನಾ ಒಂದಿನ ಆ ಕಾರು ತರ್ತೀನಿ, ನೀ ಅದರ ಗಾಳಿ ನೋಡೀವಂತಿ" ಎಂದಿದ್ದ. ಎರಡು ಸಲ ಫೇಲಾಗಿ ಮಾನ್ವಿಗೆ ಹೋಗಿ ಗಿರಣಿ ಹಿಡಿದ ಮೇಲೂ ಆ ಮಾತು ಮರೆಯಲಿಲ್ಲ ನೋಡಿ, ದೊಡ್ಡ ಮನಸ್ಸಿನವನೇ. ಮುಂಬಯಿಯ ಹರಾಜಿನಲ್ಲಿ ಇಟಲಿಯ ಈ ಹಳೆಯ ಕಾರು ಸಿಕ್ಕ ಕೂಡಲೇ ಮೊದಲು ಹೇಳಿ ಕಳಿಸಿದ್ದು ಹಂಪಯ್ಯನಿಗೇ. ಹೇಳಿ ಕಳಿಸಿದ್ದು ಯಾರ ಕೈಲಿ? ಅದೇ ಗಿರಣಿಯಲ್ಲಿ ಚೀಲ ಹೊರುವ ಅಪ್ಪನ ಕೈಲಿ. ಹಂಪಯ್ಯನಿಗೆ ಗಾಳಿಯ ಮೊದಲ ಪಾಠ ಹೇಳಿದ್ದು ಮಾತ್ರ ಪತ್ರಿಕೆಗಳಲ್ಲ. ಅವನ ಹುಟ್ಟೂರು ಕುರ್ಡಿಯ ಕಣದಲ್ಲಿ ತಾಯಿ ಮೂಕಮ್ಮ ಮೊರದ ತುಂಬ ಜೋಳ ಎತ್ತಿ ಹಿಡಿದು, "ತಡಿ, ಗಾಳಿ ಬರ್ಲಿ" ಎನ್ನುತ್ತಿದ್ದಳು. ಗಾಳಿ ಬಂದರೆ ಕಾಳು ಅವಳ ಕಾಲ ಹತ್ತಿರ, ಹೊಟ್ಟು ದೂರ. ಕಾಳು ಸಾಹುಕಾರರ ಚೀಲಕ್ಕೆ ಹೋಗುತ್ತಿತ್ತು. ಹೊಟ್ಟು ಅವಳ ಕಣ್ಣಿಗೆ ಬಿದ್ದು ಸಂಜೆಯವರೆಗೆ ಉಜ್ಜಿಕೊಳ್ಳುತ್ತಿದ್ದಳು.

ಒಂದು ಲಾರಿ ಧೂಳೆಬ್ಬಿಸಿ ಹೋಯಿತು. ಅದರ ಹಿಂದೆ ಬಿಳಿ ಬಣ್ಣ ಕಂಡು ಹಂಪಯ್ಯ ಬೆಂಚಿನಿಂದ ಅರ್ಧ ಎದ್ದ. ನೋಡಿದರೆ ಹಾಲಿನ ವ್ಯಾನು. ಛೀ ನಿನ್ನ, ಎಂದುಕೊಂಡ. ವ್ಯಾನಿಗೆ ಅಂದುಕೊಂಡನೋ ತನಗೇ ಅಂದುಕೊಂಡನೋ ಅವನಿಗೇ ತಿಳಿಯಲಿಲ್ಲ.

ನಿನ್ನೆ, ಭಾನುವಾರ, ಇಸ್ತ್ರಿ ಮಾಡಿದ ಟೆರಿಕಾಟ್ ಅಂಗಿ ತೊಟ್ಟು ಅವನು ಮಾನ್ವಿಯ ಬಸ್ಸಿಳಿದಾಗ ಅಪ್ಪ ಸ್ಟ್ಯಾಂಡಿಗೇ ಬಂದು ನಿಂತಿದ್ದ. ತಲೆಗೆ ಒಗೆದ ರುಮಾಲು, ಹೆಗಲ ಮೇಲೆ ಟವೆಲು. ಗಿರಣಿಗೆ ಹೋಗುವ ದಾರಿಯುದ್ದಕ್ಕೂ ಸಿಕ್ಕಸಿಕ್ಕವರಿಗೆ, "ನನ್ನ ಮಗ. ಸಾವ್ಕಾರ್ರ ಕಾರಿನ ಗಾಳಿ ನೋಡಾಕ ಬಂದಾನ" ಎಂದು ಹೇಳುತ್ತ ನಡೆದ. "ಗಾಳಿ ನೋಡಾಕೂ ಓದಬೇಕೇನಲೇ ಮಲ್ಲ?" ಎಂದು ಒಬ್ಬ ಹಮಾಲ ನಕ್ಕರೆ, "ನಿನಗೇನು ತಿಳೀತದ, ಚೀಲ ನೋಡು" ಎಂದು ಗದರಿದ. ಮುದುಕಪ್ಪನ ತಂದೆ ದೊಡ್ಡಪ್ಪ ಸಾಹುಕಾರರು ತೀರಿಕೊಂಡ ಮೇಲೆ ಗಿರಣಿಯಲ್ಲಿ ನಡೆಯುವುದೆಲ್ಲ ನೀಲಗಂಗಮ್ಮನ ಮಾತು. ಕಣ್ಣಿಗೆ ಪೊರೆ ಬಂದು ಮನುಷ್ಯರು ಬರೀ ನೆರಳಾಗಿ ಕಾಣುತ್ತಿದ್ದರೂ, ಮನೆಯ ಕಟ್ಟೆಯ ಮೇಲೆ ಕೂತು ಗಿರಣಿಯ ಅಂಗಳ ಆಳುತ್ತಿದ್ದಳು. ಅವಳು ಎಷ್ಟೋ ವರ್ಷದಿಂದ ಅಪ್ಪನನ್ನು ಕೇಳುತ್ತಿದ್ದಳಂತೆ, ನಿನ್ನ ಮಗನ್ನ ಒಮ್ಮಿ ತೋರಸಲ್ಲಲೇ ಮಲ್ಲಾ, ಕರಕೊಂಡ ಬಾ ಅಂತ. ಅಂದು ಅಪ್ಪ ತೋರಿಸುವವನಿದ್ದ. ಹೇಗೆ ಹೇಳುವುದೆಂದು ದಾರಿಯಲ್ಲೇ ಮಗನಿಗೆ ಹೇಳಿ ತೋರಿಸಿದ್ದ: "ಯವ್ವಾ, ಇವನಽ ನೋಡ್ರಿ ನಮ್ಮ ಹಂಪಯ್ಯ ಅಂತೀನಿ. ಆಮ್ಯಾಲ ನೀ ನಮಸ್ಕಾರ ಮಾಡು. ದೂರಲಿಂದ ಮಾಡು, ಸಾಕು." ದೂರಲಿಂದ ಎಂಬ ಮಾತು ಹಂಪಯ್ಯನಿಗೆ ಚುಚ್ಚಿತು. ಚುಚ್ಚಿದ್ದನ್ನು ನುಂಗಿಕೊಂಡ, ಅದು ಅಭ್ಯಾಸವಾಗಿದ್ದ ಕೆಲಸ.

ಕಾರು ಅಂಗಳದ ನಡುವೆ ನಿಂತಿತ್ತು. ಅಯ್ಯೋ ಪಾಪ, ಅದರ ಗತಿಯೇ. ಶುಕ್ರವಾರ ಪೂಜೆ ಮಾಡುವಾಗ ನೀಲಗಂಗಮ್ಮ, ದೇವರ ಮುಂದೆ ಕಣ್ಣು ಮುಚ್ಚಿಕೊಂಡು ನಿಂತದ್ದು ಎಂಥ ವಾಹನ ಎಂದು ದೀಪಗಳನ್ನು ಎತ್ತಿಸಿ, ಲಿಂಗಕ್ಕೆ ಮಾಡಿದ ಹಾಗೆ ಅವಕ್ಕೆ ಅಭಿಷೇಕ ಮಾಡಿಸಿದ್ದಳು. ಹಾಲು, ಎಳನೀರು, ಅರಿಷಿಣ, ಜೇನು, ಒಂದನ್ನೂ ಬಿಟ್ಟಿರಲಿಲ್ಲ. ಜೇನು ಹೋಗಿ ರೆಪ್ಪೆಯ ಕೀಲಿನಲ್ಲಿ ಕೂತಿತು. ಸಂಜೆ ಮುಚ್ಚಿದ ದೀಪಗಳು ಮರುದಿನ ಬೆಳಿಗ್ಗೆ ಏಳಲಿಲ್ಲ. ಒಂದು ಅರ್ಧ ಎದ್ದು ನಿಂತರೆ ಇನ್ನೊಂದು ಮಿಸುಕಲಿಲ್ಲ. ಮುದುಕಿ ಹೌಹಾರಿದಳು. ಎರಡೂ ಕಣ್ಣು ಸರಿಯಾಗಿ ತೆರೆದರೆ ಮಠಕ್ಕೆ ಹೋಗಿ ಬರುವತನಕ ಮುಚ್ಚಿಸುವುದಿಲ್ಲ, ಅಲ್ಲಿಯವರೆಗೆ ಮನೆಯವರನ್ನು ಬಿಟ್ಟು ಬೇರೆ ಯಾರನ್ನೂ ಅದರಲ್ಲಿ ಕೂರಿಸುವುದಿಲ್ಲ ಎಂದು ಹರಕೆ ಹೊತ್ತಳು. ಮೆಕ್ಯಾನಿಕ್ ಮೀರಾಹುಸೇನ ಬಂದು ಸೀಮೆಎಣ್ಣೆಯಲ್ಲಿ ಕೀಲು ತೊಳೆದ. ಕಣ್ಣು ತೆರೆದವು. ಹರಕೆಯೂ ಗಟ್ಟಿಯಾಯಿತು. ಮುದುಕಪ್ಪನಿಗೆ ಅಂಜಿಕೆ ಶುರುವಾಯಿತು, ಮಾರಿದವನು ಫೋನಿನಲ್ಲಿ ಹೇಳಿದ್ದನಂತೆ, ದೀಪ ಎತ್ತಿಕೊಂಡು ಜೋರು ಹೋಗಬೇಡ ಎಂದು. ಯಾಕೆ ಎಂದರೆ ಅವನಿಗೂ ಗೊತ್ತಿರಲಿಲ್ಲ.

ಬಾನೆಟ್ಟಿನ ಮೇಲೆ ಹಂಪಯ್ಯ ಗೋಪಮ್ಮನ ಉಲ್ಲನ್ನಿನ ಕೆಂಪು ದಾರದ ತುಂಡುಗಳನ್ನು ಸಾಲಾಗಿ ಅಂಟಿಸಿದ. ಒಂದು ತುದಿ ಅಂಟುಪಟ್ಟಿಯಿಂದ ಹಿಡಿದು, ಇನ್ನೊಂದು ಬಿಟ್ಟು. ಕಾರು ಓಡುವಾಗ ಗಾಳಿ ಹೇಗೆ ಹೋಗುತ್ತದೋ ದಾರ ಹಾಗೆ ಮಲಗುತ್ತದೆ. ಬೇರೆಯವರಿಗೆ ಅದು ದಾರ. ಅವನಿಗೆ ಹದಿನೈದು ವರ್ಷದ ಹಸಿವು. ಅಂಟಿಸುವಾಗ ಅಪ್ಪ ಉಸಿರು ಬಿಗಿಹಿಡಿದು ನೋಡುತ್ತ, "ಇದು ಯಾತಕ್ಕ ಮಗನ?" ಎಂದ. "ಗಾಳಿ ಕಾಣಾಕ" ಎಂದ ಇವನು. ಅಪ್ಪ ತಲೆಯಾಡಿಸಿದ. ಆ ಹೊತ್ತಿನಲ್ಲಿ ಮುದುಕಪ್ಪ ಬಾಗಿಲು ತೆರೆದು, "ಹತ್ತಲೇ, ಹತ್ತು" ಎಂದದ್ದು ಕಟ್ಟೆಯವರೆಗೆ ಕೇಳಿಸಿತು.

"ಮುದುಕಪ್ಪಾ, ಯಾರನ್ನ ಹತ್ತಸಾಕತ್ತೀದಿ?"

ಮುದುಕಪ್ಪ ನಾಲಿಗೆ ಕಚ್ಚಿಕೊಂಡ. ಹಂಪಯ್ಯನ ಕಿವಿಗೆ ಬಾಗಿ, "ರಿಪೇರಿಯವ ಅಂತೀನಿ, ಸುಮ್ಮನಿರು. ರಿಪೇರಿಯವ್ರಿಗೆ ನಡೀತದ" ಎಂದು ಪಿಸುಗುಟ್ಟಿ, ಆ ಕಡೆ ತಿರುಗಿ ಕೂಗಿದ: "ಮಿಸ್ತ್ರಿ ಯವ್ವಾ! ಮೀರಾಹುಸೇನನ ಕಡಿಯಾಂವ. ಕಣ್ಣು ಸರಿ ಅದಾವೋ ಇಲ್ಲೋ ನೋಡಾಕ ಬಂದಾನ."

"ಖರೇನಾ? ನಿನ್ನ ಮಾತು ನಾ ನಂಬಂಗಿಲ್ಲ. ಮಲ್ಲಾ, ನೀ ಹೇಳಲೇ. ನೀ ಸುಳ್ಳಾಡಂಗಿಲ್ಲ. ಯಾರದು?"

ಅಪ್ಪ ಮಗನ ಮುಖ ನೋಡಿದ. ಆಗ ಹಂಪಯ್ಯ ಏನು ಮಾಡುತ್ತಿದ್ದ? ಇದನ್ನೇ ಅವನು ಬೆಂಚಿನ ಮೇಲೆ ಕೂತು ಮತ್ತೆ ಮತ್ತೆ ನೋಡುತ್ತಿದ್ದ. ಒಂದು ಹೆಜ್ಜೆ ಹಿಂದೆ ಸರಿದಿದ್ದರೆ ಆಗುತ್ತಿತ್ತು. ನಾನು ಕೂಡಂಗಿಲ್ಲ ಬಿಡ್ರಿ, ಹೊರಗಿಂದಲೇ ನೋಡ್ತೀನಿ ಎಂದಿದ್ದರೆ ಆಗುತ್ತಿತ್ತು. ಅವನು ಕಾರಿನೊಳಗೆ ನೋಡುತ್ತಿದ್ದ. ಇದ್ದದ್ದೇ ಎರಡು ಸೀಟು, ಕಂದು ಚರ್ಮದ್ದು, ತಗ್ಗಾದದ್ದು. ಅದರಲ್ಲಿ ಕೂತರೆ ದಾರಗಳೆಲ್ಲ ಕಣ್ಣ ಮುಂದೆ. ಸಂತೆಯಲ್ಲಿ ಮಿಠಾಯಿ ನೋಡುವ ಮಗುವಿನ ಹಾಗೆ ಅವನು ಆ ಸೀಟನ್ನು ನೋಡುತ್ತಿದ್ದ, ಅಪ್ಪ ಅದನ್ನು ಕಂಡ. ಮಿಠಾಯಿ ಕೊಡಿಸಲಾಗದೆ ಎಷ್ಟು ಸಲ ಅಪ್ಪ ಅವನ ಕೈ ಎಳೆದುಕೊಂಡು ಹೋಗಿದ್ದನೋ ಏನೋ. ಈ ಸಲ ಎಳೆಯಲಿಲ್ಲ.

"ಹೌದ್ರಿ ಯವ್ವಾ," ಎಂದ ಅಪ್ಪ. "ಮಿಸ್ತ್ರಿನಽ ಅದಾನ."

"ಹಂಗಾರ ಆತು. ಕೆಳಗ ಒಂದು ತಟ್ಟು ಹಾಸಿ ಕುಂದ್ರಸು. ಎಣ್ಣಿ ಗಿಣ್ಣಿ ಹತ್ತೀತು."

ಅಪ್ಪನೇ ಹೋಗಿ ಗೋಣಿ ತಟ್ಟು ತಂದ. ಅದನ್ನು ಎರಡು ಸಲ ಝಾಡಿಸಿ ತೌಡು ಉದುರಿಸಿದ. ಸೀಟಿನ ಮೇಲೆ ಹಾಸಿ, ಮೂಲೆಗಳನ್ನು ಅಂಗೈಯಿಂದ ಒತ್ತಿ ಸರಿ ಮಾಡಿದ, ಮಗನ ಮದುವೆಯಲ್ಲಿ ಜಮಖಾನ ಹಾಸುವಾಗ ಮಾಡಿದ್ದ ಹಾಗೆಯೇ. ಹಮಾಲರು ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು. ಹಂಪಯ್ಯ ಹತ್ತಿ ಕೂತ. ತಟ್ಟಿನ ನಾರು ಟೆರಿಕಾಟ್ ಪ್ಯಾಂಟಿನೊಳಗಿಂದ ಚುಚ್ಚುತ್ತಿತ್ತು.

ಆಮೇಲಿನ ಅರ್ಧ ಗಂಟೆ ಅವನ ಜೀವಮಾನದ ಅತ್ಯಂತ ಸುಖದ ಅರ್ಧ ಗಂಟೆ. ಅದೇ ಅವನಿಗೆ ಸಹಿಸಲಾಗದ ಮಾತು. ಕುರ್ಡಿ ಕ್ರಾಸಿನ ಕಡೆ ಕಾಲುವೆಯ ಪಕ್ಕ ರಸ್ತೆ ನೆಟ್ಟಗಾದ ಕೂಡಲೇ ಮುದುಕಪ್ಪ, "ಇಲ್ಲಿ ಅವ್ವ ಇಲ್ಲ" ಎಂದು ನಕ್ಕು ಗುಂಡಿ ಒತ್ತಿದ, ಕಣ್ಣು ಮುಚ್ಚಿದವು. ಬೆನ್ನ ಹಿಂದಿನ ಇಂಜಿನ್ನು ಗದ್ದರಿಸಿತು. ನೂರು, ನೂರಿಪ್ಪತ್ತು, ಮುಳ್ಳು ನೂರನಲವತ್ತರ ಮೇಲೆ ನಿಂತಿತು. ಬಾನೆಟ್ಟಿನ ಮೇಲಿನ ಕೆಂಪು ದಾರಗಳೆಲ್ಲ ಬಾಚಿದ ಕೂದಲಿನ ಹಾಗೆ ಅಲುಗದೆ ಮಲಗಿದ್ದವು. ಹಾಳೆಯ ಮೇಲೆ ಎಳೆದಿದ್ದ ಗೆರೆಗಳು, ಅವೇ ಗೆರೆಗಳು! ಹಂಪಯ್ಯನ ಕಣ್ಣಲ್ಲಿ ನೀರು ಬಂತು. "ಈಗ ಎತ್ತು" ಎಂದ. ಮಾತಿನ ಕೊನೆಗೆ ‘ರಿ’ ಹಚ್ಚುವುದನ್ನು ಮರೆತೇ ಎಂದ. ಕಣ್ಣುಗಳು ಎದ್ದ ಕ್ಷಣವೇ ಅವುಗಳ ಹಿಂದಿನ ದಾರಗಳಿಗೆ ಹುಚ್ಚು ಹಿಡಿಯಿತು. ಕೆಲವು ಗರಗರ ತಿರುಗಿದವು, ಕೆಲವು ಮುಂದಕ್ಕೇ ಮಡಚಿಕೊಂಡು ದೀಪದ ಬೆನ್ನಿಗೆ ಬಡಿದವು. ಮುದುಕಪ್ಪ ಪೂರ್ತಿ ಒತ್ತಿ ಹಿಡಿದಿದ್ದರೂ ಮುಳ್ಳು ಇಳಿಯುತ್ತ ನೂರಮೂವತ್ತರ ಹತ್ತಿರ ಬಂತು.

"ಲೇ, ಸ್ಟೇರಿಂಗ್ ಹಗುರಾಗ್ಯಾದಲೇ! ಹೇಳಿದಂಗ ಕೇಳವಲ್ದು!"

"ನಿಧಾನ ಕಾಲು ತಗಿ. ಬ್ರೇಕ್ ಒತ್ತಬ್ಯಾಡ. ನಿಧಾನ."

ಕಾರು ನಿಂತಾಗ ಮುದುಕಪ್ಪನ ಹಣೆಯ ವಿಭೂತಿ ಬೆವರಿಗೆ ಇಳಿದಿತ್ತು. ಹಂಪಯ್ಯ ಅವನಿಗೆ ಬಿಡಿಸಿ ಹೇಳಿದ. "ದೀಪ ಎದ್ರ ಎರಡು ಹಲಿಗಿ ಗಾಳಿಗೆ ಅಡ್ಡ ಹಿಡದಂಗ. ಮುಂದ ಗಾಳಿ ಒತ್ತತದ, ಹಿಂದ ಒಡದು ಸುಳಿ ಆಗ್ತದ, ಆ ಸುಳಿ ಕಾರನ್ನ ಹಿಂದಕ್ಕ ಜಗ್ಗತದ. ಅದಕ್ಕ ಸ್ಪೀಡ್ ಇಳೀತು. ಅದು ಸಣ್ಣ ಮಾತು. ಇಂಜಿನ್ ಹಿಂದದ, ಮೂತಿ ಮ್ಯಾಲ ಭಾರಿಲ್ಲ. ಮೊದಲ ಹಗುರಿದ್ದದ್ದನ್ನ ಗಾಳಿ ಇನ್ನಷ್ಟು ಎತ್ತತದ. ಮುಂದಿನ ಗಾಲಿ ನೆಲ ಬಿಡಾಕ ನೋಡ್ತಾವ. ಆ ಹೊತ್ತಿನ್ಯಾಗ ಒಂದು ಎತ್ತು ಅಡ್ಡ ಬಂತಂದ್ರ ನೀ ತಿರುವಿದ್ರ ತಿರಗಂಗಿಲ್ಲ." ಮುದುಕಪ್ಪ ಅವನ ಭುಜ ಹಿಡಿದು ಅಲುಗಿಸಿ, "ನಿನ್ನಂಥವ ಈ ಜಿಲ್ಲಾದಾಗಿಲ್ಲ ಹಂಪಯ್ಯ" ಎಂದ. ಹಂಪ್ಯಾ ಅನ್ನಲಿಲ್ಲ, ಹಂಪಯ್ಯ ಎಂದ. ಅದೇ ಹೊತ್ತಿಗೆ ಹತ್ತಿ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಕುರ್ಡಿಯ ಹೆಂಗಸರು ರಸ್ತೆಗೆ ಓಡಿ ಬಂದರು. ಅವರಲ್ಲಿ ಸೋದರತ್ತೆ ವೆಂಕಮ್ಮ. "ಯವ್ವಾ, ನಮ್ಮ ಹಂಪಯ್ಯನ ನೋಡ್ರೇ! ಸಾವ್ಕಾರ್ರ ಕಾರಿನ್ಯಾಗ, ಅವ್ರ ಸರೀಸಮ ಕುಂತಾನ!" ಎಂದು ಕೂಗಿ ಕೈಯಲ್ಲಿದ್ದ ಕುರ್ಪಿಯಿಂದಲೇ ದೃಷ್ಟಿ ನಿವಾಳಿಸಿದಳು. ಸೊಂಟದ ಕೆಳಗೇನಿದೆಯೆಂದು ಅವಳಿಗೆ ಎಲ್ಲಿ ಕಾಣಬೇಕು. ಹಂಪಯ್ಯ ತಟ್ಟಿನ ಅಂಚನ್ನು ತೊಡೆಯ ಕೆಳಗೆ ತುರುಕಿಕೊಂಡು ಅವಳಿಗೆ ಕೈ ಬೀಸಿದ.

"ನಾಳೆ ದೀಪ ಎತ್ತಿಕೊಂಡು ಹೋಗೂದಾದ್ರ ಅರವತ್ತು ದಾಟಬ್ಯಾಡ," ಎಂದ ಮರಳಿ ಬರುವಾಗ.

"ಅರವತ್ತಕ್ಕ ಹೋಗಾಕ ಇದ್ಯಾಕ ಬೇಕಿತ್ತಲೇ, ಟ್ರ್ಯಾಕ್ಟರ್ ಸಾಕಿತ್ತಲ್ಲ! ನೀನಽ ಅವ್ವಗ ಹೇಳಿ ಮುಚ್ಚಾಕ ಒಪ್ಪಸು. ಕದ್ದು ಮುಚ್ಚಿದ್ರ ಸದ್ದಿಗೇ ಹಿಡೀತಾಳ. ನನ್ನ ಕಾಲು ನನಗ ಗೊತ್ತು."

ಹೇಳಿದ. ಅಂಗಳದಲ್ಲಿ ನಿಂತು, ಕಟ್ಟೆಯ ಮೇಲಿನ ನೀಲಗಂಗಮ್ಮನಿಗೆ, ಗಾಳಿ, ಸುಳಿ, ಮೂತಿ ಎಲ್ಲ ಹೇಳಿದ. ಚೆನ್ನಾಗಿಯೇ ಹೇಳಿದ; ಕ್ಲಾಸಿನಲ್ಲಿ ಎಂದೂ ಅಷ್ಟು ಚೆನ್ನಾಗಿ ಹೇಳಿರಲಿಲ್ಲ. ಮುದುಕಿ ಕಿವಿಗೊಟ್ಟು ಕೇಳಿ, ಪೊರೆ ಬಂದ ಕಣ್ಣನ್ನು ಅವನ ದನಿಯ ಕಡೆ ಹೊರಳಿಸಿ, "ಮಿಸ್ತ್ರಿ ಮಾತು ಕೇಳಿ ಹರಕಿ ಮುರೀಲೇನಪಾ?" ಎಂದಳು. ಸಿಟ್ಟಿನಿಂದಲ್ಲ, ವಿಚಾರ ಮಾಡುತ್ತ. "ಕೀಲು ತಿಳದವಗ ಗಾಳಿ ಹೆಂಗ ತಿಳದೀತು? ಓದಿದವ್ರು ಹೇಳಿದ್ರ ಮಾತು ಬ್ಯಾರೆ. ಮಲ್ಲಾ, ನಿನ್ನ ಮಗ ಇಂಥದನಽ ಓದ್ಯಾನಲ್ಲ? ರಾಯಚೂರಾಗ ಹುಡುಗರಿಗೆ ಕಲಸ್ತಾನಂತಿ. ಅವನ್ನ ಕರಸು. ಇಲ್ಲೇ ಅಂಗಳದಾಗ ನಿಂತು ಹೇಳ್ಲಿ. ಅವ ಮುಚ್ಚು ಅಂದ್ರ ಮುಚ್ಚತೀನಿ, ಸ್ವಾಮಿಗೋಳಿಗೆ ತಪ್ಪು ಕಾಣಿಕಿ ಕೊಡ್ತೀನಿ."

ಮುದುಕಪ್ಪ ಬೂಟಿನ ತುದಿ ನೋಡಿದ. ಹಂಪಯ್ಯ ಅಪ್ಪನನ್ನು ನೋಡಿದ. ಅಪ್ಪ ಯಾರನ್ನೂ ನೋಡಲಿಲ್ಲ. ಹಮಾಲಿ ಮಾಡಿ ಮುಂದಕ್ಕೆ ಬಾಗಿದ ಆ ಕುತ್ತಿಗೆ ಹೇಗೂ ನೆಲವನ್ನೇ ನೋಡುತ್ತಿತ್ತು.

"ಅವಗ ಬಿಡುವಿಲ್ರಿ ಯವ್ವಾ," ಎಂದ.

"ದೊಡ್ಡಾಂವ ಆಗ್ಯಾನ," ಎಂದು ನಕ್ಕಳು ಅವಳು. "ಆತು. ಮಿಸ್ತ್ರಿಗೆ ಒಂದು ಸೇರು ಅಕ್ಕಿ ಹಾಕಲೇ. ಬರೀಗೈಲೆ ಕಳಸಬ್ಯಾಡ." ಕೆಲಸಕ್ಕೆ ಬಂದವರಿಗೆ ಅಕ್ಕಿ ಹಾಕುವುದು ಆ ಮನೆಯ ರೀತಿ. ಒಬ್ಬ ಹಮಾಲ ಸೇರು ತುಂಬಿ ತಂದು ನಿಂತ. ಒಡ್ಡಲು ಹಂಪಯ್ಯನ ಹತ್ತಿರ ಏನೂ ಇರಲಿಲ್ಲ. ಅಪ್ಪನೇ ಮುಂದೆ ಬಂದು ಹೆಗಲ ಟವೆಲು ಬಿಚ್ಚಿ ಮಗನ ಪರವಾಗಿ ಒಡ್ಡಿದ. ಗಂಟು ಕಟ್ಟಿ ಮಗನ ಕೈಗಿಟ್ಟ. ಬಸ್‌ಸ್ಟ್ಯಾಂಡಿನವರೆಗೆ ಜೊತೆಗೆ ನಡೆದ.

"ಗಾಳಿ ಕಂಡಿತೇನು?" ಎಂದು ಕೇಳಿದ ಅಪ್ಪ, ಬಸ್ಸು ಹೊರಡುವಾಗ.

"ಕಂಡಿತು."

"ಆತು ಬಿಡು."

ಆ ಅಕ್ಕಿಯನ್ನೇ ಗೋಪಮ್ಮ ರಾತ್ರಿ ಬೇಯಿಸಿದಳು. ಅವನು ಉಂಡ. ಒಳ್ಳೆಯ ಅಕ್ಕಿ, ಸಣ್ಣದು, ಎರಡು ಸಲ ಹಾಕಿಸಿಕೊಂಡು ಉಂಡ. ಅದನ್ನು ನೆನೆದು ಈಗ ಬೆಂಚಿನ ಮೇಲೆ ಚಹಾದ ಲೋಟವನ್ನು ದೂರ ಸರಿಸಿದ. ಅದಕ್ಕಿಂತ ಹೇಸಿಕೆಯ ಮಾತೊಂದು ಬೆಳಗಿನಿಂದ ಒಳಗೆ ಸುಳಿದಾಡುತ್ತಿತ್ತು. ಅದರ ಮುಖ ನೋಡಲು ಅವನು ಒಪ್ಪಿರಲಿಲ್ಲ. ಅವರು ಹಾಗೆಯೇ ಹೋಗಲಿ. ಕಣ್ಣು ತೆರೆದುಕೊಂಡೇ ಹೋಗಲಿ. ಗಬ್ಬೂರಿನ ಆಚೆ ಒಂದು ಎತ್ತು ಅಡ್ಡ ಬರಲಿ. ಆಗ ತಿಳಿಯುತ್ತದೆ, ಮಿಸ್ತ್ರಿ ಹೇಳಿದ್ದು ಸರಿಯೋ ತಪ್ಪೋ ಎಂದು. ಥೂ, ಎಂಥ ಹೊಲಸು ಮನಸ್ಸು ಇದು! ಅವಳೇನು ಕೆಟ್ಟವಳೇ? ತನ್ನ ಹೆಸರು ಹಿಡಿದು ವರ್ಷಗಟ್ಟಲೆ ಕೇಳಿದವಳು. ಹಂಪಯ್ಯ ಬೆಂಚಿನಿಂದ ಎದ್ದು ರಸ್ತೆಯ ಅಂಚಿಗೆ ಬಂದು ನಿಂತ. ಹೇಳಿಬಿಡುತ್ತೇನೆ, ಎಂದುಕೊಂಡ. ಕೈ ಅಡ್ಡ ಹಿಡಿದು ನಿಲ್ಲಿಸಿ ಹೇಳಿಬಿಡುತ್ತೇನೆ.

ಕೈ ಅಡ್ಡ ಹಿಡಿಯುವ ಪ್ರಸಂಗವೇ ಬರಲಿಲ್ಲ. ಮೂಲೆ ತಿರುಗಲು ನಿಧಾನವಾದ ಬಿಳಿ ಕಾರು ಅವನನ್ನು ಕಂಡು ತಾನೇ ನಿಂತಿತು. ಎದ್ದು ನಿಂತ ಎರಡೂ ದೀಪಗಳಿಗೆ ಕುಂಕುಮ, ನಡುವೆ ಬಿಲ್ವಪತ್ರೆಯ ಸರ. ದಾರಗಳನ್ನೆಲ್ಲ ಕಿತ್ತು ಬಾನೆಟ್ಟು ಒರೆಸಿದ್ದರು. ಬಲಗಣ್ಣಿನ ಹಿಂದೆ ಮಾತ್ರ ಒಂದು ಕೆಂಪು ತುಂಡು ಉಳಿದುಹೋಗಿತ್ತು. ಕಾರು ಎಷ್ಟು ತಗ್ಗಾಗಿತ್ತೆಂದರೆ ನೀಲಗಂಗಮ್ಮ ಕಿಟಕಿಯಿಂದ ಅವನತ್ತ ಮುಖವೆತ್ತಿ ನೋಡಬೇಕಾಯಿತು.

"ಯಾಕ ನಿಲ್ಲಿಸಿದಿ? ಯಾರದಾರ?"

"ನಿನ್ನಿ ಮಿಸ್ತ್ರಿ ಯವ್ವಾ," ಎಂದ ಮುದುಕಪ್ಪ. ಸ್ಟೇರಿಂಗಿನ ಮೇಲಿಂದ ಕಣ್ಣು ತೆಗೆಯಲಿಲ್ಲ.

"ಛಲೋ ಆತು ಬಿಡು. ಮಿಸ್ತ್ರಿ, ನಿನ್ನಿ ನೀ ಹೇಳಿದ್ದು ಕೇಳಿ ರಾತ್ರಿಯೆಲ್ಲ ನನಗೂ ಜೀವ ಡವಡವ ಅಂತಪಾ. ಪಾಲಿಟೆಕ್ನಿಕ್ ಇಲ್ಲೇ ಸಮೀಪ ಅದಂತಲ್ಲ. ನಮ್ಮ ಮಲ್ಲನ ಮಗ ಅಲ್ಲೇ ಅದಾನ, ಹಂಪಯ್ಯ ಅಂತ. ಒಂದು ಹೆಜ್ಜಿ ಹೋಗಿ ಕರಕೊಂಡು ಬಾ. ಅವ ಬಂದು ಒಂದ ಮಾತು ಮುಚ್ಚು ಅಂದ್ರ ಇಲ್ಲೇ ಮುಚ್ಚಸ್ತೀನಿ, ಸುಳ್ಳಲ್ಲ."

ಹಂಪಯ್ಯ ಬಾಯಿ ತೆರೆದ. ಹೊರಳಿಸಿ ಹೊರಳಿಸಿ ನುಣ್ಣಗಾಗಿದ್ದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅದರ ಹಿಂದಿನಿಂದ ಗೋಣಿ ತಟ್ಟು ಬಂತು, ಸೇರಕ್ಕಿ ಬಂತು, ಮೂಲೆಗಳನ್ನು ಒತ್ತುವ ಅಂಗೈ ಬಂತು. ನಾನೇ ಹಂಪಯ್ಯ ಎಂದರೆ, ಮಲ್ಲ ಸುಳ್ಳುಗಾರ ಎಂದಂತೆ. ನಾನೇ ಹಂಪಯ್ಯ ಎಂದರೆ, ನಿನ್ನೆ ಈ ಸೀಟಿನಲ್ಲಿ ಕೂತಿದ್ದೆ, ಇದೀಗ ನೀವು ಕೂತಿದ್ದೀರಿ ಎಂದಂತೆ. ಅವಳ ಮುಖ ಆಗ ಏನಾದೀತೋ ಅದನ್ನು ಅವನು ನೋಡಲಾರ. ನೋಡಲಾರದೆ ಇದ್ದದ್ದಕ್ಕೆ ಅವಳ ಜೀವ ಬೆಲೆಯೇ? ಅಷ್ಟೆಲ್ಲ ವಿಚಾರ ಮಾಡಲು ಹೊತ್ತಿರಲಿಲ್ಲ. ಬಾಯಿ ತಾನೇ ಮಾತಾಡಿಬಿಟ್ಟಿತು.

"ಅವಗ ಬಿಡುವಿಲ್ರಿ ಯವ್ವಾ."

ದನಿ ಅಪ್ಪನದೇ ಇತ್ತು. ಕುತ್ತಿಗೆಯೂ ಸ್ವಲ್ಪ ಬಾಗಿತ್ತು.

"ಅವ್ರಪ್ಪನೂ ಇದನಽ ಅಂದ," ಎಂದು ನಿಟ್ಟುಸಿರು ಬಿಟ್ಟಳು ನೀಲಗಂಗಮ್ಮ. "ನಡಿ ಮಗನ. ದೇವರದಾನ."

ಮುದುಕಪ್ಪ ಒಂದು ಸಲ ಅವನತ್ತ ನೋಡಿದ. ಆ ನೋಟದಲ್ಲಿ ಉಪಕಾರದ ನೆನಹಿತ್ತು, ಅದಕ್ಕಿಂತ ಕೆಟ್ಟದ್ದು ಬೇರೆ ಬೇಕಿರಲಿಲ್ಲ. ಕಾರು ಹೊರಳಿ ಗಬ್ಬೂರಿನ ದಾರಿ ಹಿಡಿಯಿತು. ಮೊದಲು ಮೆಲ್ಲಗೆ ಹೋಯಿತು. ಹುಣಸೆಮರ ದಾಟಿದ ಮೇಲೆ ಇಂಜಿನ್ನಿನ ಸದ್ದು ಬದಲಾಯಿತು, ಮತ್ತೊಮ್ಮೆ ಬದಲಾಯಿತು. ಅಷ್ಟು ದೂರದಿಂದ ಕಾಣುವುದು ಸಾಧ್ಯವೇ ಇರಲಿಲ್ಲ, ಆದರೂ ಆ ಒಂದು ಕೆಂಪು ದಾರ ಹೇಗೆ ತಿರುಗಿ ತಿರುಗಿ ದೀಪದ ಬೆನ್ನಿಗೆ ಬಡಿಯುತ್ತಿದೆಯೆಂಬುದು ಅವನಿಗೆ ಕಾಣುತ್ತಿತ್ತು. ಸದ್ದು ಸಣ್ಣದಾಗುತ್ತ ಹೋಗಿ ನಿಂತಿತು. ದೂರವಾಗಿ ನಿಂತಿತೋ, ಬೇರೆ ಯಾತಕ್ಕೆ ನಿಂತಿತೋ, ಅವನು ಕಿವಿಗೊಡಲಿಲ್ಲ.

"ಯಾರಿಗೆ ಬಿಡುವಿಲ್ಲಂದ್ರೀ ಸರ್?" ಎಂದಳು ಮಹಬೂಬೀ ಒಲೆಯ ಹಿಂದಿನಿಂದ.

ಹಂಪಯ್ಯ ಬೆಂಚಿಗೆ ಮರಳಿ ಬಂದು ಕೂತು, ಆರಿದ ಚಹಾದ ಕೆನೆಯನ್ನು ಬೆರಳಿನಿಂದ ತೆಗೆದು, ಒಂದೇ ಗುಟುಕಿಗೆ ಕುಡಿದ. ಮೊದಲನೇ ತಾಸು ಮುಗಿಯಲು ಇನ್ನೂ ಬಹಳ ಹೊತ್ತಿತ್ತು.